ನಾಲ್ಕು-ಗ್ಯಾಸ್ ಡಿಟೆಕ್ಟರ್: ಮೂರು ವರ್ಷ ಬಳಸಿದ ಮೇಲೆ

ಟ್ಯಾಂಕ್, ಮ್ಯಾನ್‌ಹೋಲ್ ಒಳಗೆ ಇಳಿಯುವ ಕೆಲಸ ನಮ್ಮದು. ಆಕ್ಸಿಜನ್, ಉರಿಯುವ ಗ್ಯಾಸ್, ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಲ್ಫೈಡ್ ನಾಲ್ಕನ್ನೂ ಅಳೆಯುವ ಈ ಡಿಟೆಕ್ಟರ್ ಮೂರು ವರ್ಷದಿಂದ ನನ್ನ ಎದೆಯ ಮೇಲಿದೆ. ಎರಡು ಸಲ ಕಾಂಕ್ರೀಟ್ ಮೇಲೆ ಬಿದ್ದಿದೆ, ಮೂಲೆ ಒಂಚೂರು ಕೆರೆದಿದೆ ಅಷ್ಟೇ. ಬ್ಯಾಟರಿ ಇವತ್ತಿಗೂ ಒಂದು ಪಾಳಿ ಪೂರ್ತಿ ಬರುತ್ತದೆ. ಅಲಾರಂ ಎಷ್ಟು ಜೋರು ಅಂದರೆ ಪಕ್ಕದಲ್ಲಿದ್ದವರು ಬೈಯುತ್ತಾರೆ.

ಆದರೆ ಎರಡನೇ ವರ್ಷ ಒಂದು ಬೆಳಿಗ್ಗೆ ನಡೆದದ್ದನ್ನು ಹೇಳಲೇಬೇಕು. ಕೆಲಸಕ್ಕೆ ಇಳಿಯುವ ಮುಂಚೆ ಬಂಪ್ ಟೆಸ್ಟ್ ಮಾಡುತ್ತೇವೆ. ಸಿಲಿಂಡರ್‌ನಿಂದ ಗ್ಯಾಸ್ ಬಿಟ್ಟು ಸೆನ್ಸರ್ ಎಚ್ಚರವಾಗಿದೆಯಾ ಅಂತ ನೋಡುವುದು, ಒಂದೆರಡು ನಿಮಿಷದ ಕೆಲಸ. ಸಿಲಿಂಡರ್‌ನಲ್ಲಿದ್ದ ಮೀಥೇನ್ ಎಲ್‌ಇಎಲ್ (ಗಾಳಿಯಲ್ಲಿ ಗ್ಯಾಸ್ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣ) ಲೆಕ್ಕದಲ್ಲಿ ಶೇ 50. ಪರದೆ 14ಕ್ಕೆ ಹೋಗಿ ನಿಂತುಬಿಟ್ಟಿತು. ಉಳಿದ ಮೂರೂ ಸರಿಯಾಗೇ ಇದ್ದವು. ತಪ್ಪು ನಮ್ಮದೇ: ಡಿಟೆಕ್ಟರ್ ಇಡುವ ಪೆಟ್ಟಿಗೆಯಲ್ಲೇ ಸಿಲಿಕೋನ್ ಸ್ಪ್ರೇ ಡಬ್ಬಿ ಇಟ್ಟಿದ್ದೆವು. ಉರಿಯುವ ಗ್ಯಾಸ್ ಅಳೆಯುವ ಈ ಸೆನ್ಸರ್‌ನೊಳಗೆ ಬಿಸಿಯಾದ ಪುಟ್ಟ ಮಣಿಯೊಂದಿದೆ, ಗ್ಯಾಸ್ ಅದರ ಮೇಲೆ ಉರಿದರೆ ಅಳತೆ ಸಿಗುತ್ತದೆ. ಸಿಲಿಕೋನ್ ಆವಿ ಮಣಿಗೆ ಮೆತ್ತಿಕೊಂಡರೆ ಗ್ಯಾಸ್ ಉರಿಯೋದಿಲ್ಲ. ಒಳ್ಳೆ ಗಾಳಿಯಲ್ಲಿ ಚೆನ್ನಾಗಿರುವ ಸೆನ್ಸರ್ ಸೊನ್ನೆ ತೋರಿಸುತ್ತದೆ, ಸತ್ತದ್ದೂ ಸೊನ್ನೆಯೇ ತೋರಿಸುತ್ತದೆ. ಸುಮ್ನೆ ಆನ್ ಮಾಡಿ ಇಳಿದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಅಲ್ವಾ?

ಹೊಸ ಸೆನ್ಸರ್ ಬರಲು ಮೂರು ವಾರ ಹಿಡಿಯಿತು. ಇನ್ನೊಂದು ವಿಷಯ: ಉರಿಯಲು ಆಕ್ಸಿಜನ್ ಬೇಕು. ಹಾಗಾಗಿ ಆಕ್ಸಿಜನ್ ತೀರಾ ಕಡಿಮೆಯಿರುವ ಕಡೆ ಈ ಸೆನ್ಸರ್‌ನ ಸೊನ್ನೆಯನ್ನು ನಾನು ನಂಬುವುದಿಲ್ಲ. ಮೊದಲು ಆಕ್ಸಿಜನ್ ಅಂಕಿ ನೋಡುತ್ತೇನೆ. ಶೇ 19.5ಕ್ಕಿಂತ ಕೆಳಗೆ ಹೋದರೆ ಅಲಾರಂ ಹೊಡೆದುಕೊಳ್ಳುವ ಹಾಗೆ ಇಟ್ಟಿದ್ದೇವೆ.

ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್, ಅಂದರೆ ಅಳತೆ ಸರಿಹೊಂದಿಸುವುದು. ಒಂದು ಸಲ ಅವಸರದಲ್ಲಿ, ಓಡುತ್ತಿದ್ದ ಜನರೇಟರ್ ಪಕ್ಕದಲ್ಲೇ ಝೀರೋ ಮಾಡಿಬಿಟ್ಟೆ. ಆಚೆ ಬಂದ ಮೇಲೆ ಕಾರ್ಬನ್ ಮೊನಾಕ್ಸೈಡ್ ಮೈನಸ್ ತೋರಿಸಿತು! ಹೊಗೆಯನ್ನೇ ಸೊನ್ನೆ ಅಂತ ಅದಕ್ಕೆ ಕಲಿಸಿದ್ದೆ. ಸ್ಯಾನಿಟೈಸರ್ ಹಚ್ಚಿದ ಕೈಯಲ್ಲಿ ಹಿಡಿದರೂ ಅದೇ ಸೆನ್ಸರ್ ಏರುತ್ತದೆ, ಗಾಬರಿಯಾಗಬೇಡಿ, ಆಲ್ಕೋಹಾಲ್ ಆರಿದ ಮೇಲೆ ಇಳಿಯುತ್ತದೆ.

ಆಕ್ಸಿಜನ್ ಸೆನ್ಸರ್ ಎರಡು ವರ್ಷ ದಾಟಿದ ಮೇಲೆ ಸುಸ್ತಾಯಿತು, ಅದರ ಆಯಸ್ಸೇ ಅಷ್ಟು. ಫಿಲ್ಟರ್ ಮಾತ್ರ ಧೂಳಿನಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಬಿಚ್ಚಲು ಆರು ಸ್ಕ್ರೂ, ಒಂದೊಂದೂ ಎಳ್ಳುಕಾಳಿನಷ್ಟು. ಒಂದು ಈಗಾಗಲೇ ಎಲ್ಲೋ ಬಿದ್ದುಹೋಗಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಉಳಿದ ಒಂದು ಆ ಸ್ಕ್ರೂಗಳಿಗೆ ಹೋಯಿತು.