ಐದು ಗಂಟೆಯ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್: ಒರಗುವ ಸೀಟೋ, ಮಲಗುವ ಸೀಟೋ?

ಹಾಂಗ್‌ಕಾಂಗ್‌ನಿಂದ ಸಿಂಗಪುರಕ್ಕೆ ನಾಲ್ಕು ಗಂಟೆ, ಕೌಲಾಲಂಪುರದಿಂದ ದೆಹಲಿಗೆ ಸುಮಾರು ಐದೂವರೆ, ಬ್ಯಾಂಕಾಕ್‌ನಿಂದ ಟೋಕಿಯೊಗೆ ಹತ್ತಿರ ಹತ್ತಿರ ಆರು. ಏಷ್ಯಾದೊಳಗಿನ ಇಂಥ ನಡುದೂರದ ಹಾರಾಟಗಳ ಟಿಕೆಟ್ ಮೇಲೆ ‘ಬಿಸಿನೆಸ್’ ಅಂತಷ್ಟೇ ಬರೆದಿರುತ್ತದೆ. ವಿಮಾನ ಹತ್ತಿದ ಮೇಲೆ ಸಿಗುವ ಸೀಟು ಮಾತ್ರ ನಾಲ್ಕು ಬಗೆಯದು: ಸಣ್ಣ ವಿಮಾನದಲ್ಲಿ ಹಿಂದಕ್ಕೆ ಒರಗುವ ಅಗಲ ಸೀಟು, ಸಣ್ಣ ವಿಮಾನದಲ್ಲೇ ಚಪ್ಪಟೆಯಾಗಿ ಹಾಸಿಗೆಯಾಗುವ ಸೀಟು, ದೊಡ್ಡ ವಿಮಾನದ ಒಂಟಿ ಸೀಟು, ಮತ್ತು ಕಡಿಮೆ ದರದ ಕಂಪನಿಗಳ ದೊಡ್ಡ ಸೀಟು. ಒಂದೇ ಕಂಪನಿ ಒಂದೇ ಮಾರ್ಗದಲ್ಲಿ ಬೆಳಿಗ್ಗೆ ಒಂದು ಬಗೆ, ರಾತ್ರಿ ಇನ್ನೊಂದು ಬಗೆ ಹಾರಿಸುವುದು ಇಲ್ಲಿ ಮಾಮೂಲು. ಅದಕ್ಕೇ ಕಂಪನಿಯ ಹೆಸರು ಬದಿಗಿಟ್ಟು, ಸೀಟಿಗೆ ಸೀಟು ಇಟ್ಟು ನೋಡಿರುವ ಹೋಲಿಕೆ ಇದು.

ಮೊದಲು ನಿದ್ದೆಯ ಲೆಕ್ಕ

ಐದು ಗಂಟೆಯ ರಾತ್ರಿ ಹಾರಾಟ ಎಂದರೆ 300 ನಿಮಿಷ. ಬೆಲ್ಟ್ ದೀಪ ಆರುವವರೆಗೆ ಸುಮಾರು 25 ನಿಮಿಷ ಸೀಟನ್ನು ನೆಟ್ಟಗೇ ಇಟ್ಟುಕೊಳ್ಳಬೇಕು. ಪಾನೀಯ, ಊಟ, ತಟ್ಟೆ ಎತ್ತುವುದು ಎಲ್ಲ ಸೇರಿ 75 ನಿಮಿಷ. ಇಳಿಯುವ ಮುಂಚೆ ತಿಂಡಿ ಕೊಡುವುದಿದ್ದರೆ ಇನ್ನೊಂದು 75 ನಿಮಿಷ ಮೊದಲೇ ದೀಪ ಹಾಕುತ್ತಾರೆ. ಉಳಿಯುವುದು 125 ನಿಮಿಷ, ಅಂದರೆ ಎರಡು ಗಂಟೆಗೆ ಚೂರು ಹೆಚ್ಚು. ಇದೇ ಪ್ರಯಾಣಿಕರು ಲೌಂಜ್‌ನಲ್ಲೇ ಊಟ ಮುಗಿಸಿ, ಸೀಟಿಗೆ ಬಂದ ಕೂಡಲೇ “ಊಟ ಬೇಡ, ತಿಂಡಿ ಬೇಡ, ಇಳಿಯುವಾಗ ಮಾತ್ರ ಎಬ್ಬಿಸಿ” ಎಂದು ಹೇಳಿಬಿಟ್ಟರೆ ಆರಂಭದ 25 ನಿಮಿಷ, ಕೊನೆಯ 35 ನಿಮಿಷ ಬಿಟ್ಟು 240 ನಿಮಿಷ ಸಿಗುತ್ತದೆ. ಹೆಚ್ಚೂಕಡಿಮೆ ಎರಡರಷ್ಟು.

ನಡುದೂರದ ಬಿಸಿನೆಸ್ ಕ್ಲಾಸಿನ ಮರ್ಮವೇ ಇದು. ಹಾಸಿಗೆ ಮತ್ತು ಊಟ ಒಂದರ ಹೊತ್ತನ್ನು ಒಂದು ತಿನ್ನುತ್ತವೆ, ಎರಡನ್ನೂ ಪೂರ್ತಿ ಪಡೆಯಲು ಐದು ಗಂಟೆ ಸಾಲದು. ಹಗಲಿನ ಹಾರಾಟದಲ್ಲಿ ಊಟಕ್ಕೆ ಕೂತರೆ ಒರಗುವ ಸೀಟಿನಲ್ಲೇ ಎಲ್ಲ ಸುಖವೂ ಇದೆ. ಮಧ್ಯರಾತ್ರಿಯ ಹಾರಾಟಕ್ಕೆ ದುಡ್ಡು ಹಾಕುವುದಾದರೆ ಹಾಸಿಗೆಗೇ ಹಾಕಬೇಕು, ಊಟವನ್ನು ಬಿಟ್ಟುಕೊಡಬೇಕು. ಸಿಂಗಪುರ್ ಏರ್‌ಲೈನ್ಸ್‌ನ ‘ಬುಕ್ ದ ಕುಕ್’, ಮಲೇಷ್ಯಾ ಏರ್‌ಲೈನ್ಸ್‌ನ ‘ಶೆಫ್-ಆನ್-ಕಾಲ್’ ಎರಡರಲ್ಲೂ ಹೊರಡುವ 24 ಗಂಟೆ ಮುಂಚೆ ಮುಖ್ಯ ಊಟ ಆರಿಸಿಕೊಳ್ಳಬಹುದು. ಅದನ್ನು ಹಗಲಿನ ಹಾರಾಟಕ್ಕೆ ಬಳಸಿದರೆ ಸಾರ್ಥಕ.

ಒರಗುವ ಸೀಟು

ಬೋಯಿಂಗ್ 737 ಒಳಗಡೆ 3.54 ಮೀಟರ್ ಅಗಲ, ಏರ್‌ಬಸ್ ಎ320 ಕುಟುಂಬದ್ದು 3.70. ಇಷ್ಟರಲ್ಲಿ ನಡುದಾರಿ ಕಳೆದು ಎರಡೂ ಕಡೆ ಎರಡೆರಡು ಸೀಟು ಹಾಕುತ್ತಾರೆ. ಏರ್ ಇಂಡಿಯಾದ ಹೊಸ ಒಳಾಂಗಣದ ಎ320ನಿಯೋದಲ್ಲಿ ಇಂಥ 8 ಸೀಟು, ಸಾಲಿನಿಂದ ಸಾಲಿಗೆ 40 ಇಂಚು. ಇಂಡಿಗೋ 2024ರ ನವೆಂಬರ್‌ನಲ್ಲಿ ಶುರುಮಾಡಿದ ‘ಸ್ಟ್ರೆಚ್’ನಲ್ಲಿ 12 ಸೀಟು, 38 ಇಂಚು, ಎದುರಿಗೆ ಟಿವಿ ಪರದೆ ಇಲ್ಲ. ಕ್ಯಾಥೆ ಪೆಸಿಫಿಕ್‌ನ ಎ321ನಿಯೋ, ಮಲೇಷ್ಯಾ ಏರ್‌ಲೈನ್ಸ್‌ನ 737-8 ಎರಡರಲ್ಲೂ 12 ಸೀಟು.

ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೆಲಸ ಮಾಡುವುದಕ್ಕೆ, ಊಟಕ್ಕೆ, ಸಿನಿಮಾಕ್ಕೆ ಇದರಲ್ಲಿ ಕೊರತೆಯಿಲ್ಲ. ಭುಜಕ್ಕೆ ಭುಜ ತಾಗುವುದಿಲ್ಲ. ತೊಂದರೆ ಶುರುವಾಗುವುದು ಕಣ್ಣು ಮುಚ್ಚಿದ ಮೇಲೆ. ಪೂರ್ತಿ ಹಿಂದಕ್ಕೆ ಒರಗಿಸಿದರೆ ಸೊಂಟ ಮುಂದಕ್ಕೆ ಜಾರಿ, ಹತ್ತು ನಿಮಿಷದಲ್ಲಿ ಬೆನ್ನಿನ ಕೆಳಭಾಗದಡಿ ಟೊಳ್ಳು ಬೀಳುತ್ತದೆ. ಕಾಲಾಸರೆ ಮೀನಖಂಡವನ್ನು ಮಾತ್ರ ಹಿಡಿದು ಹಿಮ್ಮಡಿಯನ್ನು ಗಾಳಿಯಲ್ಲಿ ಬಿಡುವ ಮಾದರಿಯಾದರೆ ಅರ್ಧ ಗಂಟೆಗೆ ಪಾದ ಜೋಮು ಹಿಡಿಯುತ್ತದೆ. ಪೂರ್ತಿ ಬೇಡ, ಮುಕ್ಕಾಲು ಪಾಲು ಒರಗಿಸಿ. ಹೊದಿಕೆಯನ್ನು ಮೂರು ಮಡಿಕೆ ಮಾಡಿ ಸೊಂಟದ ಹಿಂದೆ ತುರುಕಿ. ಕಾಲಾಸರೆಯನ್ನು ಅಡ್ಡಕ್ಕೆ ಎತ್ತದೆ, ಹಿಮ್ಮಡಿ ಎದುರು ಸೀಟಿನ ಕೆಳಗಿಟ್ಟ ಚೀಲದ ಮೇಲೆ ಕೂರುವಷ್ಟಕ್ಕೆ ನಿಲ್ಲಿಸಿ. ದಿಂಬನ್ನು ತಲೆಯ ಹಿಂದಿಡಬೇಡಿ, ಅದು ಗದ್ದವನ್ನು ಎದೆಗೆ ತಳ್ಳುತ್ತದೆ. ಕತ್ತು ವಾಲುವ ಕಡೆ ಕಿವಿಯ ಕೆಳಗಿರಲಿ.

ಮೊದಲ ಸಾಲಿನಲ್ಲಿ ಮುಂದಿನವರು ಒರಗುವ ಕಾಟ ಇಲ್ಲ, ಆದರೆ ಚೀಲ ಮೇಲಿನ ಗೂಡಿಗೆ ಹೋಗಲೇಬೇಕು, ಕಾಲು ಗೋಡೆಗೆ ತಾಗುತ್ತದೆ, ಅಡುಗೆ ಜಾಗದ ಬೆಳಕೂ ಅಲ್ಲಿಗೇ ಬೀಳುತ್ತದೆ. ಕೊನೆಯ ಸಾಲಿಗೆ ಪರದೆಯಾಚೆಯ ಸದ್ದೆಲ್ಲ ಕೇಳಿಸುತ್ತದೆ. ಎರಡನೇ ಸಾಲಿನ ಕಿಟಕಿ ಪಕ್ಕ ನಮ್ಮ ಆಯ್ಕೆ.

ಸಣ್ಣ ವಿಮಾನದಲ್ಲಿ ಹಾಸಿಗೆ

ಅದೇ ಮೂರೂವರೆ ಮೀಟರ್ ಅಗಲದ ಕೊಳವೆಯಲ್ಲಿ ಪೂರ್ತಿ ಚಪ್ಪಟೆಯಾಗುವ ಸೀಟು ಕೂರಿಸುವುದು ಸಾಮಾನ್ಯ ಕೆಲಸವಲ್ಲ. ಸಿಂಗಪುರ್ ಏರ್‌ಲೈನ್ಸ್‌ನ 737-8ರಲ್ಲಿ ಇಂಥ 10 ಸೀಟು. ಒಂದು ಸಾಲಿನಲ್ಲಿ ನಾಲ್ಕು, ನಡುವಿನ ಸಾಲಿನಲ್ಲಿ ಎರಡೇ, ಮತ್ತೆ ನಾಲ್ಕು. ಕೊರಿಯನ್ ಏರ್‌ನ ಎ321ನಿಯೋದಲ್ಲಿ ಎರಡೆರಡರಂತೆ 8. ವಿಸ್ತಾರಾದಿಂದ ಏರ್ ಇಂಡಿಯಾಗೆ ಬಂದ ಎ321ನಿಯೋಗಳಲ್ಲಿ 12.

ಹಾಸಿಗೆ ನಿಜವಾದದ್ದೇ, ಬೆನ್ನಿಗೆ ಸಮತಲ ಸಿಗುತ್ತದೆ. ಬೆಲೆ ತೆರಬೇಕಾದ್ದು ಪಾದಗಳು. ಮಲಗಿದಾಗ ಪಾದ ಎದುರು ಸೀಟಿನ ಪಕ್ಕದ ಪೆಟ್ಟಿಗೆಯಂಥ ಗೂಡಿನೊಳಗೆ ಹೋಗುತ್ತದೆ. ಅಂಗಾತ ಮಲಗಿದರೆ ಹೆಬ್ಬೆರಳು ಗೂಡಿನ ಚಾವಣಿಗೆ ತಾಗುತ್ತದೆ. ಮಗ್ಗುಲಾಗಿ ಮಲಗಿ ಮೊಣಕಾಲು ಮಡಿಚಿದರೆ ಮೊಣಕಾಲು ಗೂಡಿನ ಹೊರಗೆ ಬಂದು ಕೈಯಾಸರೆಗೆ ಒತ್ತುತ್ತದೆ. ಆರಡಿ ದಾಟಿದವರು ಮೊದಲ ಸಾಲನ್ನೇ ಹಿಡಿಯಬೇಕು. ಅಲ್ಲಿ ಎದುರಿಗೆ ಸೀಟಿಲ್ಲ, ಗೋಡೆಗೆ ಕೊರೆದ ಗೂಡು ಅಗಲವಾಗಿರುತ್ತದೆ.

ಇನ್ನೊಂದು ಕಷ್ಟ ಕಿಟಕಿ ಪಕ್ಕದವರದು. ಜೋಡಿ ಸೀಟಿನಲ್ಲಿ ಪಕ್ಕದವರು ಹಾಸಿಗೆ ಮಾಡಿಕೊಂಡರೆ ಅವರ ಕಾಲು ದಾಟಿಯೇ ನಡುದಾರಿಗೆ ಬರಬೇಕು. ಕತ್ತಲಲ್ಲಿ, ಅಲುಗುವ ವಿಮಾನದಲ್ಲಿ, ಮಲಗಿದವರ ಮೊಣಕಾಲಿನ ಮೇಲೆ ಕಾಲೆತ್ತಿ ಹಾಕುವುದು ಇಬ್ಬರಿಗೂ ಕಷ್ಟ. ಒಬ್ಬರೇ ಹೋಗುವುದಾದರೆ ಸಿಂಗಪುರ್ ಏರ್‌ಲೈನ್ಸ್‌ನ 737-8ರಲ್ಲಿ ನಡುವಿನ ಸಾಲಿನ ಒಂಟಿ ಸೀಟು ಬಿಡಬೇಡಿ. ಎರಡೂ ಬದಿ ಸಾಮಾನಿಡಲು ಕಟ್ಟೆ, ದಾಟುವ ಗೋಜಿಲ್ಲ. ಎರಡೇ ಇರುವುದರಿಂದ ಬೇಗ ಹೋಗುತ್ತವೆ.

ಸಣ್ಣ ವಿಮಾನದ ಎರಡೂ ಬಗೆಗೆ ಸೇರಿದ ಕೊರತೆ ಒಂದಿದೆ. ಮುಂದಿನ ಶೌಚಾಲಯ ಒಂದೇ, ಅದನ್ನು ಪೈಲಟ್‌ಗಳೂ ಬಳಸುತ್ತಾರೆ. ಪೈಲಟ್ ಹೊರಬರುವಾಗ ಸಿಬ್ಬಂದಿ ಟ್ರಾಲಿ ಅಡ್ಡ ನಿಲ್ಲಿಸಿ ದಾರಿ ಮುಚ್ಚುತ್ತಾರೆ. ತಟ್ಟೆ ಎತ್ತಿದ ಕೂಡಲೇ ಎಲ್ಲರೂ ಏಳುತ್ತಾರೆ, ಹತ್ತು ನಿಮಿಷ ಮುಂಚೆ ಹೋಗಿ ಬಂದರೆ ಕಾಯುವುದು ತಪ್ಪುತ್ತದೆ.

ದೊಡ್ಡ ವಿಮಾನದ ಒಂಟಿ ಸೀಟು

ರಾತ್ರಿಗೆ ಇದೇ ಸರಿ, ಅನುಮಾನವೇ ಬೇಡ. ಏರ್‌ಬಸ್ ಎ350ರ ಒಳ ಅಗಲ 5.61 ಮೀಟರ್, ಬೋಯಿಂಗ್ 787ರದು 5.49. ಅಷ್ಟರಲ್ಲಿ ಒಂದು-ಎರಡು-ಒಂದು ಎಂದು ನಾಲ್ಕೇ ಸೀಟು, ಪ್ರತಿಯೊಂದಕ್ಕೂ ನೇರ ನಡುದಾರಿ. ಸಿಂಗಪುರ್ ಏರ್‌ಲೈನ್ಸ್ 787-10ನ್ನು 2018ರಲ್ಲಿ ತಂದಾಗ ನಡುದೂರಕ್ಕೆಂದೇ ಹೊಸ ಸೀಟು ಹಾಕಿತು. ಅದರಲ್ಲಿ 36, ನಡುದೂರದ ಎ350ಯಲ್ಲಿ 40. ಥಾಯ್ ಏರ್‌ವೇಸ್‌ನ ಎ350-900ರಲ್ಲಿ 32. ಮಲೇಷ್ಯಾ ಏರ್‌ಲೈನ್ಸ್‌ನ ಎ330-300ರಲ್ಲಿ 27, ಹೊಸ ಎ330ನಿಯೋದಲ್ಲಿ 28.

ಇದರೊಳಗೂ ಎರಡು ಜಾತಿ. ಮೊದಲನೆಯದು ಸಾಲು ಬಿಟ್ಟು ಸಾಲು ಆಚೀಚೆ ಸರಿದ ಸೀಟು. ಒಂದು ಸಾಲಿನಲ್ಲಿ ಸೀಟು ಕಿಟಕಿಗೆ ಅಂಟಿಕೊಂಡು, ಸಾಮಾನಿನ ಕಟ್ಟೆ ನಡುದಾರಿ ಕಡೆ ಇರುತ್ತದೆ. ಮುಂದಿನ ಸಾಲಿನಲ್ಲಿ ಅದು ತಿರುವುಮುರುವು. ನಕ್ಷೆಯಲ್ಲಿ ಎರಡೂ ‘ಕಿಟಕಿ’ ಅಂತಲೇ ತೋರುತ್ತವೆ. ನಡುದಾರಿಗೆ ಅಂಟಿದ ಸೀಟಿನಲ್ಲಿ ಮಲಗಿದರೆ ಹಾದು ಹೋಗುವ ಪ್ರತಿ ಟ್ರಾಲಿಯೂ ಮೊಣಕೈ ಸವರಿದಂತೆ ಭಾಸವಾಗುತ್ತದೆ. ನಕ್ಷೆಯನ್ನು ದೊಡ್ಡದು ಮಾಡಿ, ಸೀಟು ಗೋಡೆಗೆ ತಾಗಿ ಬರೆದಿರುವ ಸಾಲು ಹುಡುಕಿ. ನಡುವಿನ ಜೋಡಿಯಲ್ಲೂ ಹೀಗೇ: ಕೆಲವು ಸಾಲಿನಲ್ಲಿ ಇಬ್ಬರ ತಲೆ ಹತ್ತಿರ, ಕೆಲವು ಸಾಲಿನಲ್ಲಿ ನಡುವೆ ಎರಡು ಕಟ್ಟೆ. ಗಂಡ ಹೆಂಡತಿಗೆ ಮೊದಲನೆಯದು, ಅಪರಿಚಿತರಿಗೆ ಎರಡನೆಯದು.

ಎರಡನೇ ಜಾತಿ ಓರೆಯಾಗಿ ಕಿಟಕಿಯತ್ತ ಮುಖ ಮಾಡಿದ್ದು. ಕ್ಯಾಥೆಯ ದೂರದ ಹಾರಾಟದ ಎ330, ಎ350ಗಳಲ್ಲಿ ಇದೇ ಇದೆ, ಅವು ಏಷ್ಯಾದೊಳಗೂ ಓಡುತ್ತವೆ. ಇಲ್ಲಿ ಎಲ್ಲ ಕಿಟಕಿ ಸೀಟೂ ಒಂದೇ ಸಮ, ಆರಿಸುವ ತಲೆನೋವಿಲ್ಲ. ಭುಜಕ್ಕೆ ಜಾಗ ಧಾರಾಳ, ಪಾದದ ಕಡೆ ಮೊನಚಾಗುತ್ತದೆ. ನಡುದಾರಿ ಕಡೆಯ ಕೈಯಾಸರೆಯನ್ನು ಕೆಳಕ್ಕೆ ಒತ್ತಿದರೆ ಹಾಸಿಗೆಯ ಮಟ್ಟಕ್ಕೆ ಇಳಿದು ಅಂಗೈಯಗಲ ಜಾಗ ಹೆಚ್ಚುತ್ತದೆ. ಬಹಳ ಜನ ಇದನ್ನು ಒತ್ತಿ ನೋಡುವುದೇ ಇಲ್ಲ. ಮಗ್ಗುಲಾಗಿ ಮಲಗುವವರಿಗೆ ಎಲ್ಲಕ್ಕಿಂತ ಇದು ವಾಸಿ.

ಸಿಂಗಪುರ್ ಏರ್‌ಲೈನ್ಸ್ ಕೆಲವೊಮ್ಮೆ ನಡುದೂರಕ್ಕೂ 777-300ಇಆರ್ ಕಳಿಸುತ್ತದೆ. ಅದರ ಸೀಟು ಗುಂಡಿ ಒತ್ತಿದರೆ ಹಾಸಿಗೆಯಾಗುವುದಿಲ್ಲ. ಎದ್ದು ನಿಂತು, ಬೆನ್ನಾಸರೆಯನ್ನು ಮುಂದಕ್ಕೆ ಮಗುಚಬೇಕು, ಮಗುಚಿದ ಮೇಲೆ ಓರೆಯಾಗಿ ಮಲಗಬೇಕು. ಸೀಟು ಬಲು ಅಗಲ, ಹಗಲಿಗೆ ಸೊಗಸು. ಅರ್ಧ ಮಲಗಿ ಅರ್ಧ ಕೂತು ತೂಕಡಿಸುವ ಅಭ್ಯಾಸದವರಿಗೆ ಹೊಂದುವುದಿಲ್ಲ.

ಗಾಳಿಯ ವ್ಯತ್ಯಾಸವೂ ಸಣ್ಣದಲ್ಲ. 787 ಮತ್ತು ಎ350ಗಳ ಒಡಲು ಬಹುಪಾಲು ಇಂಗಾಲದ ನಾರಿನದು, ಹೆಚ್ಚು ಒತ್ತಡ ತಾಳುತ್ತದೆ. ಹಾಗಾಗಿ ಒಳಗಿನ ಗಾಳಿಯನ್ನು 6,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟಕ್ಕೆ ಹಿಡಿದಿಡುತ್ತಾರೆ. 737, ಎ320ಗಳಲ್ಲಿ ಅದು 8,000 ಅಡಿಯವರೆಗೆ ಏರಬಹುದು. ತೇವವೂ 787, ಎ350ಗಳಲ್ಲಿ ಹೆಚ್ಚು. ಇಳಿದ ಮೇಲೆ ಗಂಟಲು ಒಣಗಿದ್ದು, ತಲೆ ಭಾರವಾದದ್ದು ಸಣ್ಣ ವಿಮಾನದಲ್ಲೇ ಜಾಸ್ತಿ.

ಕಡಿಮೆ ದರದ ಕಂಪನಿಗಳ ದೊಡ್ಡ ಸೀಟು

ಸ್ಕೂಟ್‌ನ 787ರಲ್ಲಿ ‘ಸ್ಕೂಟ್‌ಪ್ಲಸ್’ ಎರಡು-ಮೂರು-ಎರಡು, 38 ಇಂಚು. ಒರಗುವ ಸೀಟಿನ ಬಗ್ಗೆ ಮೇಲೆ ಹೇಳಿದ್ದೆಲ್ಲ ಇದಕ್ಕೂ ಅನ್ವಯ, ಮೂರರ ನಡುವಿನ ಸೀಟನ್ನು ಮಾತ್ರ ಮುಟ್ಟಬೇಡಿ. ಏರ್‌ಏಷ್ಯಾ ಎಕ್ಸ್‌ನ ಎ330ರಲ್ಲಿ 12 ‘ಫ್ಲಾಟ್‌ಬೆಡ್’ ಇವೆ, ಎರಡು-ಎರಡು-ಎರಡು. ಹೆಸರಿಗೆ ಹಾಸಿಗೆ, ನಿಜಕ್ಕೆ ಇಳಿಜಾರು. ನೇರವಾಗಿ ಚಾಚುತ್ತದೆ, ಪೂರ್ತಿ ಅಡ್ಡವಾಗುವುದಿಲ್ಲ, ಮಲಗಿದವರು ಇಂಚಿಂಚಾಗಿ ಪಾದದ ಕಡೆ ಸರಿಯುತ್ತಾರೆ. ಪೂರ್ತಿ ಚಾಚುವ ಬದಲು ಮೊಣಕಾಲಿನ ಕೆಳಗಿನ ಭಾಗವನ್ನು ತುಸು ಎತ್ತಿಟ್ಟರೆ ಜಾರುವುದು ನಿಲ್ಲುತ್ತದೆ. ದರ ನೋಡಿದರೆ ದೂರುವಂತಿಲ್ಲ. ಸಣ್ಣ ವಿಮಾನದ ಒರಗುವ ಸೀಟಿಗಿಂತ ನಿದ್ದೆಗೆ ಇದೇ ಮೇಲು, ದಿಟ ಹಾಸಿಗೆಗಿಂತ ಕೆಳಗೆ.

ಕೈತಪ್ಪುವುದು ಎಲ್ಲಿ

ಹೆಚ್ಚಿನ ನಿರಾಸೆ ವಿಮಾನ ಬದಲಾವಣೆಯಿಂದ. ಬುಕ್ ಮಾಡಿದ್ದು ದೊಡ್ಡದು, ಬಂದು ನಿಂತದ್ದು ಸಣ್ಣದು. ಕ್ಯಾಥೆಯಂಥ ಕಡೆ ಇನ್ನೂ ಸೂಕ್ಷ್ಮ: ಎರಡೂ ಎ330ಯೇ, ಒಂದರಲ್ಲಿ ಹಾಸಿಗೆ, ಇನ್ನೊಂದರಲ್ಲಿ ಒರಗುವ ಸೀಟು. ಮಾದರಿಯ ಹೆಸರನ್ನು ನೆಚ್ಚಿಕೊಳ್ಳದೆ ಸೀಟು ನಕ್ಷೆ ತೆರೆಯಿರಿ. ಒಂದು-ಎರಡು-ಒಂದು ಕಂಡರೆ ಹಾಸಿಗೆ, ಎರಡು-ಎರಡು-ಎರಡು ಕಂಡರೆ ಇನ್ನೊಮ್ಮೆ ವಿಚಾರಿಸಿ. ಹಣ ಕಟ್ಟುವ ಮುಂಚೆ ಒಮ್ಮೆ, ವಾರ ಮುಂಚೆ ಒಮ್ಮೆ, ಚೆಕ್-ಇನ್ ತೆರೆದಾಗ ಒಮ್ಮೆ ನೋಡಿ. ಆರಿಸಿದ ಸೀಟಿನ ಸಂಖ್ಯೆ ತಾನಾಗಿ ಬದಲಾಗಿದ್ದರೆ ವಿಮಾನ ಬದಲಾಗಿರುವ ಸಾಧ್ಯತೆ ಹೆಚ್ಚು. ಹೊರಡುವ ಮುಂಚೆ ಫೋನ್ ಮಾಡಿದರೆ ಅದೇ ದಿನದ ಬೇರೆ ಹಾರಾಟಕ್ಕೆ ಹಾಕಿಸಿಕೊಳ್ಳಲು ದಾರಿಯಿರುತ್ತದೆ, ಗೇಟಿನಲ್ಲಿ ನಿಂತು ಕೇಳಿದರೆ ಕಷ್ಟ.

ಸೀಟಿಗೆ ಬಂದ ಕೂಡಲೇ, ಬಾಗಿಲು ಮುಚ್ಚುವ ಮೊದಲು, ಸೀಟನ್ನು ಒಮ್ಮೆ ಪೂರ್ತಿ ಹಾಸಿಗೆ ಮಾಡಿ ಮತ್ತೆ ನೆಟ್ಟಗೆ ತನ್ನಿ. ಮೋಟಾರು ಗೊರಗೊರ ಎಂದು ಅರ್ಧಕ್ಕೆ ನಿಂತರೆ ಆಗಲೇ ಹೇಳಿ. ಸಿಬ್ಬಂದಿ ಆ ಸೀಟಿನ ವಿದ್ಯುತ್ ಆರಿಸಿ ಹಾಕಿದರೆ ಎಷ್ಟೋ ಸಲ ಸರಿಹೋಗುತ್ತದೆ, ಇಲ್ಲದಿದ್ದರೂ ಬೇರೆ ಸೀಟು ಖಾಲಿಯಿರುವುದು ಆಗಲೇ. ಇಳಿಯುವಾಗ ಹಾಸಿಗೆ ಸಿಕ್ಕಿಕೊಂಡರೆ ಕೈಯಿಂದ ನೆಟ್ಟಗೆ ಮಾಡುವ ಹಿಡಿಕೆ ಇರುತ್ತದೆ, ಅದು ಸಿಬ್ಬಂದಿಯ ಕೆಲಸ.

ಮಲಗಿದಾಗ ಫೋನ್ ಮೈಪಕ್ಕ ಇಡಬೇಡಿ, ಕಟ್ಟೆಯ ಮುಚ್ಚಳದ ಗೂಡಿನಲ್ಲಿಡಿ. ಹಾಸಿಗೆಗೂ ಸೀಟಿನ ಹೊರಚಿಪ್ಪಿಗೂ ನಡುವಿನ ಸಂದು ಫೋನ್ ಜಾರುವಷ್ಟೇ ಅಗಲವಿರುತ್ತದೆ. ಜಾರಿತೋ, ಸೀಟಿನ ಗುಂಡಿ ಮುಟ್ಟಲೇಬೇಡಿ. ಸೀಟು ಅಲುಗಿದರೆ ಕೆಳಗಿನ ಲೋಹದ ತೋಳು ಫೋನನ್ನು ಹಿಂಡುತ್ತದೆ, ಹಿಂಡಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಕತ್ತಲಲ್ಲಿ ಕೈ ಹಾಕಿ ತಡಕಾಡುವುದೂ ಬೇಡ. ಹಾಗೇ ಎದ್ದು ನಿಂತು ಕರೆಗಂಟೆ ಒತ್ತಿ, ಸಿಬ್ಬಂದಿ ದೀಪ ತಂದು ತೆಗೆದುಕೊಡುವವರೆಗೆ ಸೀಟು ಇದ್ದ ಭಂಗಿಯಲ್ಲೇ ಇರಲಿ.