ನಾಲ್ಕನೆಯ ತಿಂಗಳ ದಿನಸಿ: ಫಾಸ್ಟರ್ ಕೇರ್‌ನಿಂದ ಹೊರಬಂದವರಿಗೆ ಸ್ನ್ಯಾಪ್ ಎಷ್ಟು ಒದಗುತ್ತದೆ

ಅಮೆರಿಕದಲ್ಲಿ ಹೆತ್ತವರ ಜೊತೆ ಇರಲಾಗದ ಮಕ್ಕಳನ್ನು ಸರ್ಕಾರ ತನ್ನ ಹೊಣೆಗೆ ತೆಗೆದುಕೊಂಡು, ಬೇರೊಂದು ಕುಟುಂಬದಲ್ಲೋ ಗುಂಪು ವಸತಿಯಲ್ಲೋ ಬೆಳೆಸುವ ಏರ್ಪಾಟಿಗೆ ಫಾಸ್ಟರ್ ಕೇರ್ ಎನ್ನುತ್ತಾರೆ. ಆ ಹೊಣೆ ಮಗುವಿನ 18ನೇ ಹುಟ್ಟುಹಬ್ಬಕ್ಕೆ ಮುಗಿಯುತ್ತದೆ. ವಿಸ್ತರಣೆಯನ್ನು ಒಪ್ಪಿಕೊಂಡಿರುವ ರಾಜ್ಯಗಳಲ್ಲಿ 21ರವರೆಗೆ ನಡೆಯಬಹುದು. ನಿನ್ನೆಯವರೆಗೆ ಯಾರೋ ಬಡಿಸುತ್ತಿದ್ದ ತಟ್ಟೆಯನ್ನು ನಾಳೆಯಿಂದ ತಾನೇ ತುಂಬಿಸಿಕೊಳ್ಳಬೇಕಾದ ಆ ವಯಸ್ಸಿನವರಿಗೆ ಕೈಗೆಟಕುವ ಅತಿ ದೊಡ್ಡ ಆಹಾರ ನೆರವೆಂದರೆ, ಹಿಂದೆ ಫುಡ್ ಸ್ಟ್ಯಾಂಪ್ ಎಂದು ಕರೆಯುತ್ತಿದ್ದು 2008ರಲ್ಲಿ ಹೆಸರು ಬದಲಾದ ಸ್ನ್ಯಾಪ್ ಯೋಜನೆ. ಇಂತಹ ಕೆಲವು ಯುವಕ ಯುವತಿಯರ ಜೊತೆ ಕುಳಿತು ಅರ್ಜಿ ತುಂಬಿಸಿದ, ಫೋನಿನಲ್ಲಿ ಕಾದ, ಅಂಗಡಿಗೂ ಹೋಗಿಬಂದ ಅನುಭವದಿಂದ ಈ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ.

ಮೊದಲಿಗೆ ಚೆನ್ನಾಗಿರುವುದನ್ನು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಚೆನ್ನಾಗಿದೆ. ತಿಂಗಳ ನೆರವಿನ ಮೊತ್ತ ಜಮೆಯಾಗುವ ಇಬಿಟಿ ಕಾರ್ಡು ನೋಡಲು ಬ್ಯಾಂಕಿನ ಕಾರ್ಡಿನಂತೆಯೇ ಇರುತ್ತದೆ. ಉಜ್ಜಿ, ಗುಪ್ತ ಸಂಖ್ಯೆ ಒತ್ತಿದರೆ ಸಾಕು, ಹಿಂದೆ ನಿಂತವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಬಾಲ್ಯವಿಡೀ ಕಡತದಲ್ಲಿನ ಒಂದು ಸಂಖ್ಯೆಯಾಗಿ ಬೆಳೆದವರಿಗೆ ಈ ಮರ್ಯಾದೆ ಎಷ್ಟು ದೊಡ್ಡದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾನು ತಿನ್ನುವುದನ್ನು ತಾನೇ ಆರಿಸಿಕೊಳ್ಳುವ ಅವಕಾಶ ಬಹಳ ಮಂದಿಗೆ ಆಗಲೇ ಮೊದಲ ಬಾರಿಗೆ ಸಿಗುತ್ತದೆ. ಅಕ್ಕಿ, ಬೇಳೆ, ಹಾಲು, ಮೊಟ್ಟೆ, ಹಣ್ಣು, ತರಕಾರಿ ಮಾತ್ರವಲ್ಲ, ಮನೆಯಲ್ಲಿ ಬೆಳೆದು ತಿನ್ನಬಹುದಾದ ಗಿಡಗಳ ಬೀಜವನ್ನೂ ಈ ಕಾರ್ಡಿನಲ್ಲಿ ಕೊಳ್ಳಬಹುದು. ತೀರಾ ಬರಿಗೈಯಲ್ಲಿರುವವರಿಗೆ ತುರ್ತು ದಾರಿಯೂ ಇದೆ: ತಿಂಗಳ ಒಟ್ಟು ಆದಾಯ 150 ಡಾಲರಿಗಿಂತ ಕಡಿಮೆಯಿದ್ದು, ಕೈಯಲ್ಲೂ ಬ್ಯಾಂಕಿನಲ್ಲೂ ಸೇರಿ 100 ಡಾಲರಿಗಿಂತ ಹೆಚ್ಚಿಲ್ಲದಿದ್ದರೆ, ಸಾಮಾನ್ಯವಾದ 30 ದಿನಗಳ ಬದಲು 7 ದಿನಗಳೊಳಗೆ ನೆರವು ಸಿಗಬೇಕೆಂಬುದು ಕಾನೂನು. ಫಾಸ್ಟರ್ ಕೇರ್‌ನಿಂದ ಆಗತಾನೇ ಹೊರಬಂದವರಲ್ಲಿ ಅನೇಕರು ಈ ಅಳತೆಯೊಳಗೇ ಬರುತ್ತಾರೆ. ಆದರೂ ಅರ್ಜಿ ಹಾಕುವಾಗ ತುರ್ತು ನೆರವನ್ನು ಬಾಯಿಬಿಟ್ಟು ಕೇಳುವುದೇ ಒಳ್ಳೆಯದು.

ಮೊತ್ತದ ವಿಷಯಕ್ಕೆ ಬಂದರೆ, 2025ರ ಅಕ್ಟೋಬರಿನಿಂದ ಅಲಾಸ್ಕಾ ಮತ್ತು ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಒಬ್ಬರಿಗೆ ಸಿಗುವ ಗರಿಷ್ಠ ನೆರವು ತಿಂಗಳಿಗೆ 298 ಡಾಲರ್. ದಿನಕ್ಕೆ ಹತ್ತು ಡಾಲರಿಗೆ ತುಸು ಕಡಿಮೆ. ಅಡುಗೆ ಬಲ್ಲವರು, ಒಲೆಯಿರುವವರು ಇದರಲ್ಲಿ ತಿಂಗಳು ದೂಡಬಹುದು. ತೊಂದರೆಯಿರುವುದು ಇವರಲ್ಲಿ ಬಹಳ ಮಂದಿಗೆ ಅವೆರಡೂ ಇಲ್ಲದಿರುವುದರಲ್ಲಿ. ಕಾರ್ಡಿನಲ್ಲಿ ಬಿಸಿಯಾದ ಸಿದ್ಧ ಆಹಾರ ಕೊಳ್ಳುವಂತಿಲ್ಲ. ತಣ್ಣಗಿರುವ ಕೋಳಿ ಕೊಳ್ಳಬಹುದು, ಅದೇ ಅಂಗಡಿಯ ಬಿಸಿ ಕೋಳಿ ಕೊಳ್ಳುವಂತಿಲ್ಲ. ಅಡುಗೆಮನೆಯಿಲ್ಲದ ಬಾಡಿಗೆ ಕೋಣೆಯಲ್ಲೋ ಗೆಳೆಯನ ಮನೆಯ ಸೋಫಾದ ಮೇಲೋ ಮಲಗುವ ಹುಡುಗನಿಗೆ ಈ ನಿಯಮ ಯಾವ ಅರ್ಥವನ್ನೂ ಕೊಡುವುದಿಲ್ಲ. ಸೋಪು, ಟೂತ್‌ಪೇಸ್ಟ್, ಸ್ಯಾನಿಟರಿ ಪ್ಯಾಡು ಇದರಲ್ಲಿ ಸೇರದಿರುವುದರಿಂದ, ಅವುಗಳಿಗೆ ನಗದು ಬೇರೆ ಹೊಂದಿಸಿಕೊಳ್ಳಬೇಕು.

ಸೋಫಾದ ಮಾತು ಬಂದದ್ದರಿಂದ ಒಂದು ಸಂಗತಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇನ್ನೊಬ್ಬರ ಮನೆಯಲ್ಲಿ 90 ದಿನಗಳಿಗೆ ಮೀರದಂತೆ ತಾತ್ಕಾಲಿಕವಾಗಿ ಇರುವವರನ್ನೂ ಸ್ನ್ಯಾಪ್ ನಿಯಮಗಳು ಮನೆಯಿಲ್ಲದವರೆಂದೇ ಎಣಿಸುತ್ತವೆ; ಅರ್ಜಿ ಹಾಕಲು ಕಾಯಂ ವಿಳಾಸ ಬೇಕಿಲ್ಲ. ರೆಸ್ಟೋರೆಂಟ್ ಊಟದ ಯೋಜನೆಯನ್ನು ನಡೆಸುವ ಕ್ಯಾಲಿಫೋರ್ನಿಯಾದಂತಹ ಕೆಲವು ರಾಜ್ಯಗಳಲ್ಲಿ ಇಂಥವರು ಅದೇ ಕಾರ್ಡಿನಲ್ಲಿ ಬಿಸಿ ಊಟವನ್ನೂ ಕೊಳ್ಳಬಹುದು. ನನ್ನ ಜೊತೆ ಕುಳಿತವರಲ್ಲಿ ಒಬ್ಬರೂ ತಮ್ಮನ್ನು ಮನೆಯಿಲ್ಲದವರೆಂದು ಬರೆದಿರಲಿಲ್ಲ. ರಾತ್ರಿ ತಲೆಯ ಮೇಲೆ ಸೂರಿತ್ತಲ್ಲ ಎಂಬುದೇ ಅವರ ಉತ್ತರವಾಗಿತ್ತು.

ಇನ್ನು ಈ ಸೇವೆಯ ಬಾಗಿಲು. ಗುರುತಿನ ಪತ್ರ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಆದಾಯದ ಪುರಾವೆ, ಒಂದು ಸಂದರ್ಶನ ಎಂದು ಪಟ್ಟಿ ಮಾಡಿದರೆ ಸರಳವಾಗಿಯೇ ಕಾಣುತ್ತದೆ. ಆದರೆ ಮೂರು ನಾಲ್ಕು ಮನೆ ಬದಲಿಸಿದ ಮಗುವಿನ ಜನನ ಪ್ರಮಾಣಪತ್ರ ಯಾವ ಪೆಟ್ಟಿಗೆಯಲ್ಲಿ ಉಳಿದಿದೆಯೆಂದು ಯಾರಿಗೆ ಗೊತ್ತು? ಈ ಕಷ್ಟವನ್ನು ಅರಿತ ಸಂಸತ್ತು 2014ರ ಒಂದು ಕಾನೂನಿನಲ್ಲಿ, ವ್ಯವಸ್ಥೆಯಿಂದ ಹೊರಡುವ ಯುವಜನರ ಕೈಗೆ ಜನನ ಪ್ರಮಾಣಪತ್ರ, ಸೋಷಿಯಲ್ ಸೆಕ್ಯುರಿಟಿ ಕಾರ್ಡು, ಆರೋಗ್ಯ ದಾಖಲೆಗಳು ಮತ್ತು ರಾಜ್ಯದ ಗುರುತಿನ ಚೀಟಿಯನ್ನು ಕೊಟ್ಟೇ ಕಳುಹಿಸಬೇಕೆಂದು ವಿಧಿಸಿತು. 2018ರಲ್ಲಿ, ತಾನು ಫಾಸ್ಟರ್ ಕೇರ್‌ನಲ್ಲಿದ್ದೆನೆಂದು ಸಾಬೀತುಪಡಿಸುವ ಅಧಿಕೃತ ಪತ್ರವನ್ನೂ ಆ ಪಟ್ಟಿಗೆ ಸೇರಿಸಿತು. ಹೀಗಿದ್ದೂ ನನಗೆ ಗೊತ್ತಿರುವ 19ರ ಹುಡುಗಿಯೊಬ್ಬಳ ಸಂದರ್ಶನದ ಸೂಚನೆಯನ್ನು ಒಂದು ಕಚೇರಿ ಅವಳು ಬಿಟ್ಟುಬಂದ ಪೋಷಕ ಮನೆಯ ವಿಳಾಸಕ್ಕೇ ಕಳುಹಿಸಿತ್ತು. ಕರೆ ಬಂದ ಹೊತ್ತಿನಲ್ಲಿ ಅವಳು ಕೆಲಸದಲ್ಲಿದ್ದಳು. ಅರ್ಜಿ ವಜಾ ಆದದ್ದು ಅವಳಿಗೆ ತಿಳಿದದ್ದು, ಅಂಗಡಿಯ ಕೌಂಟರಿನಲ್ಲಿ ಸಾಮಾನುಗಳನ್ನು ಒಂದೊಂದಾಗಿ ವಾಪಸು ಇಡುವಾಗ. ತಂದೆತಾಯಿ ಇರುವ ಮಗುವಿನ ಅಂಚೆ ತಪ್ಪು ವಿಳಾಸಕ್ಕೆ ಹೋದರೆ ಯಾರಾದರೂ ಎತ್ತಿಟ್ಟು ಫೋನು ಮಾಡುತ್ತಾರೆ. ಈ ಸೇವೆಯ ಅಂಚೆ ಪತ್ರ, ಗಡುವು, ನವೀಕರಣ ಎಲ್ಲವೂ ಹಾಗೆ ಎತ್ತಿಡುವವರೊಬ್ಬರು ಇದ್ದಾರೆಂಬ ನಂಬಿಕೆಯ ಮೇಲೆಯೇ ನಿಂತಿವೆ.

ಇಷ್ಟೆಲ್ಲವನ್ನೂ ದಾಟಬಹುದು. ದಾಟಲು ಕಷ್ಟವಾದದ್ದು ಮೂರು ತಿಂಗಳ ನಿಯಮ, ಮತ್ತು ನನ್ನ ಈ ವಿಮರ್ಶೆಯ ತೂಕವೆಲ್ಲ ಅದರ ಮೇಲೆಯೇ ಇದೆ. 1996ರ ಕಾನೂನಿನ ಪ್ರಕಾರ, ಅವಲಂಬಿತರಿಲ್ಲದ, ದೇಹಬಲವುಳ್ಳ ವಯಸ್ಕರು ತಿಂಗಳಿಗೆ 80 ಗಂಟೆ ದುಡಿಯದಿದ್ದರೆ, ಅಥವಾ ತರಬೇತಿಯಲ್ಲೋ ಸ್ವಯಂಸೇವೆಯಲ್ಲೋ ತೊಡಗದಿದ್ದರೆ, ಅವರಿಗೆ 36 ತಿಂಗಳುಗಳಲ್ಲಿ ಕೇವಲ 3 ತಿಂಗಳ ನೆರವು. ದುಡಿಯಲು ಮನಸ್ಸಿಲ್ಲದವರಿಗೆ ಮಾತ್ರ ಇದು ತಗಲುತ್ತದೆಂದು ದೂರದಿಂದ ಅನ್ನಿಸಬಹುದು. ಹತ್ತಿರದಿಂದ ನೋಡಿದರೆ ಹಾಗಿಲ್ಲ. ಹೋಟೆಲಿನಲ್ಲೋ ಗೋದಾಮಿನಲ್ಲೋ ಪಾಳಿ ಕೆಲಸ ಮಾಡುವವರ ಗಂಟೆಗಳನ್ನು ನಿರ್ಧರಿಸುವವರು ಮ್ಯಾನೇಜರು. ಒಂದು ವಾರ 26 ಗಂಟೆ ಕೊಟ್ಟವರು ಮುಂದಿನ ವಾರ 11 ಕೊಡುತ್ತಾರೆ. ತಿಂಗಳ ಕೊನೆಗೆ 74 ಗಂಟೆಯಾದರೆ, ಆ ಆರು ಗಂಟೆಯ ಕೊರತೆಗೆ ಮೂರರಲ್ಲಿ ಒಂದು ತಿಂಗಳು ಕರಗುತ್ತದೆ.

2023ರ ಜೂನಿನಲ್ಲಿ, ಸರ್ಕಾರ ಎಷ್ಟು ಸಾಲ ಮಾಡಬಹುದೆಂಬ ಮಿತಿಯ ಕುರಿತ ಒಪ್ಪಂದದೊಂದಿಗೆ ಬಂದ ಕಾನೂನು ಈ ಗೋಡೆಯಲ್ಲಿ ಒಂದು ಕಿಂಡಿ ತೆರೆದಿತ್ತು. 18 ತುಂಬಿದಾಗ ಫಾಸ್ಟರ್ ಕೇರ್‌ನಲ್ಲಿದ್ದು ಇನ್ನೂ 24 ದಾಟದವರಿಗೆ, ಮನೆಯಿಲ್ಲದವರಿಗೆ ಮತ್ತು ಮಾಜಿ ಸೈನಿಕರಿಗೆ ಆ ಕಾಲಮಿತಿಯಿಂದ ವಿನಾಯಿತಿ ದೊರೆಯಿತು. 2023ರ ಸೆಪ್ಟೆಂಬರಿನಿಂದ ಜಾರಿಯಾದ ಈ ವಿನಾಯಿತಿ 2030ರವರೆಗೆ ಇರಬೇಕಿತ್ತು. ಬೆನ್ನಿಗೆ ಮನೆಯಿಲ್ಲದವರು ಕಾಲೂರಲು ಒಂದಷ್ಟು ಸಮಯ ಬೇಕೆಂಬುದನ್ನು ಕಾನೂನು ಒಪ್ಪಿಕೊಂಡ ಅಪರೂಪದ ಗಳಿಗೆ ಅದು ಎಂದು ನಾನು ಸಂತೋಷಪಟ್ಟಿದ್ದೆ. ಎರಡು ವರ್ಷವೂ ತುಂಬಲಿಲ್ಲ. 2025ರ ಜುಲೈ 4ರಂದು ಸಹಿಯಾದ ಬೃಹತ್ ಬಜೆಟ್ ಕಾನೂನು ಮೂರೂ ಗುಂಪುಗಳ ವಿನಾಯಿತಿಯನ್ನು ತೆಗೆದುಹಾಕಿತು. ಇದೇ ದೇಶ ಇದೇ ಯುವಜನರಿಗೆ, ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೈಡ್ ಮೂಲಕ 26 ವರ್ಷದವರೆಗೆ ವೈದ್ಯಕೀಯ ನೆರವನ್ನು ಕೊಡುತ್ತದೆ, ಏಕೆಂದರೆ ಉಳಿದ ಯುವಜನರು ಆ ವಯಸ್ಸಿನವರೆಗೆ ಹೆತ್ತವರ ವಿಮೆಯಲ್ಲಿ ಉಳಿಯಬಹುದು. ಔಷಧಿಯ ವಿಷಯದಲ್ಲಿ ಒಪ್ಪಿಕೊಂಡ ಈ ನ್ಯಾಯವನ್ನು ಊಟದ ವಿಷಯದಲ್ಲಿ ಕಿತ್ತುಕೊಂಡದ್ದು ತಪ್ಪು ಎಂಬುದರಲ್ಲಿ ನನಗೆ ಯಾವ ಸಂದೇಹವೂ ಇಲ್ಲ.

ಓದನ್ನು ಆರಿಸಿಕೊಂಡವರಿಗೆ ಬೇರೆ ತೊಡಕು. ಕಾಲೇಜಿನಲ್ಲಿ ಅರ್ಧ ಸಮಯವೋ ಅದಕ್ಕಿಂತ ಹೆಚ್ಚೋ ಓದುವ 18ರಿಂದ 49ರ ವಯಸ್ಸಿನವರಿಗೆ ಸಾಮಾನ್ಯವಾಗಿ ಸ್ನ್ಯಾಪ್ ಇಲ್ಲ. ವಾರಕ್ಕೆ 20 ಗಂಟೆ ಸಂಬಳದ ಕೆಲಸವೋ, ವಿದ್ಯಾರ್ಥಿಗಳಿಗೆ ಸರ್ಕಾರದ ನೆರವಿನಿಂದ ಸಿಗುವ ವರ್ಕ್-ಸ್ಟಡಿ ಎಂಬ ಕೆಲಸವೋ, ಅಂತಹ ಬೇರೊಂದು ಕಾರಣವೋ ಇರಬೇಕು. ಮನೆಯಿಂದ ಹಣ ಬರುತ್ತದೆಂಬ ಊಹೆ ಈ ನಿಯಮದ ಹಿಂದಿದೆ. ಇವರಿಗೆ ಹಣ ಕಳುಹಿಸುವ ಮನೆಯೇ ಇಲ್ಲ. ಹೆತ್ತ ತಾಯಿಯ ಬಳಿಗೆ ಮರಳಿದ 20ರ ಮಗನನ್ನು, 22 ತುಂಬುವವರೆಗೆ, ಅಡುಗೆ ಬೇರೆ ಮಾಡಿಕೊಂಡರೂ ಅವಳ ಕುಟುಂಬದೊಳಗೇ ಎಣಿಸುವ ನಿಯಮವೂ ಇದೆ. ಯಾವ ಮನೆಯಿಂದ ಸರ್ಕಾರವೇ ಅವನನ್ನು ಹೊರತಂದಿತ್ತೋ, ಅದೇ ಮನೆಯ ಆದಾಯದ ಲೆಕ್ಕದಲ್ಲಿ ಅವನ ಊಟ ನಿಂತುಹೋಗಬಹುದು.

ಐದರಲ್ಲಿ ಅಂಕ ಕೊಡುವುದಾದರೆ ಕಾರ್ಡಿಗೆ ನಾಲ್ಕೂವರೆ, ಅರ್ಜಿಯ ದಾರಿಗೆ ಎರಡು, ಮೂರು ತಿಂಗಳ ನಿಯಮಕ್ಕೆ ಸೊನ್ನೆ ಕೊಡುತ್ತೇನೆ. ಹಾಗಿದ್ದರೂ ಅರ್ಜಿ ಹಾಕಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಗರ್ಭಿಣಿಯರಿಗೆ, ದೈಹಿಕ ಅಥವಾ ಮಾನಸಿಕ ಅನಾರೋಗ್ಯದಿಂದ ದುಡಿಯಲಾಗದವರಿಗೆ, ವ್ಯಸನದ ಚಿಕಿತ್ಸೆಯಲ್ಲಿರುವವರಿಗೆ ವಿನಾಯಿತಿ ಇನ್ನೂ ಇದೆ. ಬಾಲ್ಯದ ಆಘಾತದಿಂದ ಖಿನ್ನತೆಗೆ ಒಳಗಾಗಿ ಔಷಧಿ ತೆಗೆದುಕೊಳ್ಳುತ್ತಿರುವವರು ಅದನ್ನು ಬಚ್ಚಿಡದೆ, ವೈದ್ಯರಿಂದಲೋ ಆಪ್ತಸಮಾಲೋಚಕರಿಂದಲೋ ಪತ್ರ ತಂದು ಕೊಡುವುದು ಒಳಿತು. ನೆರವು ನಿಂತವರು ಯಾವುದೇ 30 ದಿನಗಳಲ್ಲಿ 80 ಗಂಟೆ ದುಡಿದದ್ದನ್ನು ತೋರಿಸಿ ಮತ್ತೆ ಅರ್ಹರಾಗಬಹುದು. ತಪ್ಪು ತೀರ್ಮಾನವೆಂದು ಅನ್ನಿಸಿದರೆ 90 ದಿನಗಳೊಳಗೆ ವಿಚಾರಣೆ ಕೇಳುವ ಹಕ್ಕೂ ಇದೆ. ಮೇಲೆ ಹೇಳಿದ ಹುಡುಗಿ ಮತ್ತೆ ಅರ್ಜಿ ಹಾಕಿದಳು, ಈ ಬಾರಿ ನನ್ನ ಮನೆಯ ವಿಳಾಸಕ್ಕೆ ಅಂಚೆ ಬರುವಂತೆ. ಪಾಳಿಯ ಚೀಟಿಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಪ್ರತಿ ಭಾನುವಾರ ಗಂಟೆಗಳನ್ನು ಕೂಡಿಸುತ್ತಾಳೆ. ಈ ತಿಂಗಳು ಇನ್ನು ಒಂಬತ್ತು ಗಂಟೆ ಬೇಕು.