ಹಳೇ ಕಂಪ್ಯೂಟರ್‌ನ "ಸರ್ವೀಸ್ ಮಾಡ್ಸಿ ಕಳಿಸ್ತೀನಿ" ಅಂದ್ರೆ ಬೇಡ ಅನ್ನಿ

ಹಳೇ ಕಂಪ್ಯೂಟರ್ ತಗೊಂಡು ರಿಪೇರಿ ಮಾಡೋ ಹುಚ್ಚಿರೋರು ದಯವಿಟ್ಟು ಇದನ್ನ ಪೂರ್ತಿ ಓದಿ, ಸ್ವಲ್ಪ ಉದ್ದ ಆಗುತ್ತೆ, ಸಿಟ್ಟಲ್ಲೇ ಬರೀತಿದ್ದೀನಿ, ಹಿಂದೆ ಮುಂದೆ ಆದ್ರೆ ಸಹಿಸ್ಕೊಳ್ಳಿ. ವಿಷಯ ಇಷ್ಟೇ, ಮಾರೋರು "ಸಾರ್ ನಮ್ ಕಡೆಯಿಂದ ಫ್ರೀ ಸರ್ವೀಸ್ ಮಾಡ್ಸಿ ಕಳಿಸ್ತೀವಿ" ಅಂದ್ರೆ ಬೇಡ ಅಂತ ಮೆಸೇಜ್‌ನಲ್ಲಿ ಹಾಕಿ, ಅವರು "ಓಕೆ" ಅಂದಿದ್ದರ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಧೂಳು, ಜೇಡರ ಬಲೆ, ಹಲ್ಲಿ ಮೊಟ್ಟೆ, ಏನಿದ್ರೂ ಹಾಗೇ ಬರ್ಲಿ.

ನಾನು ತಗೊಂಡಿದ್ದು ಬಿಬಿಸಿ ಮೈಕ್ರೋ ಮಾಡೆಲ್ ಬಿ. ಗೊತ್ತಿಲ್ದೇ ಇರೋರಿಗೆ: ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿ 1981ರಲ್ಲಿ ತಂದ ಮೆಷಿನ್, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್, 32 ಕೆಬಿ ರ‍್ಯಾಮ್. ನಮ್ಮಲ್ಲಿ 1984ರ ಹೊತ್ತಿಗೆ ಕೇಂದ್ರ ಸರ್ಕಾರ "ಕ್ಲಾಸ್" ಅಂತ ಒಂದು ಯೋಜನೆ ಮಾಡಿ ಶಾಲೆಗಳಿಗೆ ಕಂಪ್ಯೂಟರ್ ಕೊಡ್ತಲ್ಲ, ಆಗ ಕೊಟ್ಟಿದ್ದು ಇದನ್ನೇ, ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್‌ನವರು ಇಲ್ಲೂ ಇದನ್ನ ಮಾಡ್ತಿದ್ರು. ಐವತ್ತರ ಆಸುಪಾಸಿನವರು ಕೆಲವರು ಚಪ್ಪಲಿ ಹೊರಗೆ ಬಿಟ್ಟು, ಇಬ್ಬಿಬ್ರು ಮೂವ್ರು ಒಂದೊಂದು ಕೀಬೋರ್ಡ್ ಮುಂದೆ ಕೂತು ಪ್ರಿಂಟ್ ಕಮಾಂಡ್ ಹೊಡೆದಿದ್ದು ಇದರಲ್ಲೇ ಇರ್ಬೋದು. ಇನ್ನೊಂದು ವಿಷಯ, ಈಗ ಎಲ್ಲರ ಫೋನಲ್ಲೂ ಇರೋ ಆರ್ಮ್ ಪ್ರೊಸೆಸರ್ ಇದೆಯಲ್ಲ, ಅದರ ಮೊಟ್ಟಮೊದಲ ಚಿಪ್ 1985ರ ಏಪ್ರಿಲ್‌ನಲ್ಲಿ ಓಡಿದ್ದು ಇದೇ ಮೆಷಿನ್ ಜೊತೆಗೆ, ಇದರ ಹೊಟ್ಟೆ ಕೆಳಗಿರೋ ಟ್ಯೂಬ್ ಅನ್ನೋ ಕನೆಕ್ಟರ್‌ಗೆ ಸಿಗಿಸಿ. ಈಗ ಅದೇ ಕನೆಕ್ಟರ್‌ಗೆ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಹಾಕಿ ಸೆಕೆಂಡ್ ಪ್ರೊಸೆಸರ್ ತರ ಓಡಿಸ್ಬೋದು, ಫ್ಲಾಪಿ ಬದಲು ಎಸ್‌ಡಿ ಕಾರ್ಡ್ ಹಾಕ್ಬೋದು, ಬೇಸಿಕ್ ಭಾಷೆಯ ಪ್ರೋಗ್ರಾಂ ಮಧ್ಯದಲ್ಲೇ 6502 ಅಸೆಂಬ್ಲಿ (ಪ್ರೊಸೆಸರ್‌ಗೇ ನೇರ ಕೊಡೋ ಆದೇಶ) ಬರೀಬೋದು. ನನ್ನ ಪ್ಲಾನ್ ಇದೆಲ್ಲ ಇತ್ತು.

ಆದ್ರೆ ಈ ಮೆಷಿನ್ನೇ ಬೇಕು ಅನ್ನಿಸಿದ್ದು ಬೇರೆ ಕಾರಣಕ್ಕೆ. ಮಾರಾಟಗಾರರು ಹೊರ ರಾಜ್ಯದೋರು, ಶಾಲೆ ಕಾಲೇಜಿನ ಗುಜರಿ ಹರಾಜಲ್ಲಿ ತಗೊಂಡು ಮಾರೋರು, ಹೆಸರು ಹಾಕಲ್ಲ. ಅವರು ಹಾಕಿದ್ದ ಫೋಟೋದಲ್ಲಿ ಮುಚ್ಚಳ ತೆಗೆದಿತ್ತು. ಬಿಬಿಸಿ ಮೈಕ್ರೋದಲ್ಲಿ ಕೀಬೋರ್ಡ್ ಕೆಳಗೆ ಬಲಗಡೆ ರಾಮ್ ಚಿಪ್ ಹಾಕೋಕೆ ಐದು ಸಾಕೆಟ್ ಇರ್ತವೆ, ಒಂದು ಆಪರೇಟಿಂಗ್ ಸಿಸ್ಟಂಗೆ, ನಾಲ್ಕು ಬೇಸಿಕ್, ಡಿಸ್ಕ್ ಅಂತ ಬೇರೆ ಬೇರೆ ಸಾಫ್ಟ್‌ವೇರ್‌ಗೆ. (ನೆನಪಿನ ರ‍್ಯಾಮ್ ಬೇರೆ, ಇದು ರಾಮ್, ಕರೆಂಟ್ ಹೋದ್ರೂ ಒಳಗಿರೋದು ಹೋಗಲ್ಲ.) ಇದರಲ್ಲಿದ್ದ ಚಿಪ್ಪುಗಳಲ್ಲಿ ಮಿಕ್ಕಿದ್ದೆಲ್ಲ ಮಾಮೂಲಿ ಕಪ್ಪು ಪ್ಲಾಸ್ಟಿಕ್, ಒಂದು ಮಾತ್ರ ಸೆರಾಮಿಕ್ ಈಪ್ರಾಮ್ (ನಾವೇ ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ರಾಮ್ ಚಿಪ್, ಮೇಲೆ ಪುಟ್ಟ ಪಾರದರ್ಶಕ ಕಿಟಕಿ ಇರುತ್ತೆ), ಅದರ ಕಿಟಕಿ ಮೇಲೆ ಹಳದಿಯಾದ ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ನೀಲಿ ಇಂಕಲ್ಲಿ ಕೈಬರಹ. ಅಂದ್ರೆ ಅಂಗಡಿಯಲ್ಲಿ ಕೊಂಡ ಸಾಫ್ಟ್‌ವೇರ್ ಅಲ್ಲ ಅದು, ಆ ಕಾಲದಲ್ಲಿ ಯಾರೋ ಮೇಷ್ಟ್ರೋ ಇಂಜಿನಿಯರೋ ಕೂತು ಬರೆದು, ಚಿಪ್ಪಿಗೆ ತುಂಬಿ (ಅದಕ್ಕೆ "ಸುಡೋದು" ಅಂತಾರೆ), ಹಾಕಿದ್ದು. ಈ ತರದ್ದಕ್ಕೆ ಎರಡನೇ ಕಾಪಿ ಎಲ್ಲೂ ಇರೋ ಗ್ಯಾರಂಟಿ ಇಲ್ಲ. ಹದಿನೆಂಟು ಸಾವಿರ ಅಂದ್ರು, ಚೌಕಾಸಿ ಮಾಡ್ಲಿಲ್ಲ, ಅರ್ಧ ಅಡ್ವಾನ್ಸ್ ಅರ್ಧ ಮಾಲು ನೋಡಿದ್ಮೇಲೆ ಅಂತ ಒಪ್ಪಂದ ಆಯ್ತು.

ದುಡ್ಡು ಹಾಕೋಕೆ ಮುಂಚೆನೇ ಬರೆದು ಹೇಳಿದ್ದೆ, ದಯವಿಟ್ಟು ಇನ್ನು ಪ್ಲಗ್ ಹಾಕ್ಬೇಡಿ ಅಂತ. ಕಾರಣಾನೂ ಹೇಳಿದ್ದೆ. ಈ ಮೆಷಿನ್‌ನ ಪವರ್ ಸಪ್ಲೈ ಒಳಗೆ ಮೇನ್ಸ್‌ಗೆ ನೇರ ಅಡ್ಡ ಹಾಕಿರೋ ಕೆಪಾಸಿಟರ್ (ಚಾರ್ಜ್ ಹಿಡಿದಿಡೋ ಬಿಡಿಭಾಗ) ಇರ್ತವೆ, ರೀಫಾ ಬ್ರ್ಯಾಂಡ್‌ದು, ಒಳಗೆ ಪೇಪರ್, ಮೇಲೆ ಜೇನಿನ ಬಣ್ಣದ ಗಟ್ಟಿ ಅಂಟಿನ ಕವಚ. ನಲವತ್ತು ವರ್ಷದಲ್ಲಿ ಆ ಕವಚ ಒಣಗಿದ ಕೆರೆ ತಳದ ತರ ಸಣ್ಣ ಸಣ್ಣದಾಗಿ ಬಿರುಕು ಬಿಟ್ಟಿರುತ್ತೆ, ಬಿರುಕಲ್ಲಿ ತೇವ ಒಳಗೆ ಹೋಗಿ ಪೇಪರ್ ಹೀರ್ಕೊಂಡಿರುತ್ತೆ, 230 ವೋಲ್ಟ್ ಬಿದ್ರೆ ಐದು ನಿಮಿಷಕ್ಕೋ ಅರ್ಧ ಗಂಟೆಗೋ ಢಬ್ ಅಂತ ಹೊಗೆ. ಹೊಗೆ ಅಂದ್ರೆ ಅಂತಿಂಥ ಹೊಗೆ ಅಲ್ಲ, ರೂಮ್ ತುಂಬಾ ಬೂದು ಬಣ್ಣ, ವಾಸನೆ ಪರದೆಗೆಲ್ಲ ಹತ್ತುತ್ತೆ. ಬಿಬಿಸಿ ಇಟ್ಕೊಂಡಿರೋರಿಗೆಲ್ಲ ಇದು ಗೊತ್ತಿರೋ ಕಾಯಿಲೆ, ಆನ್ ಮಾಡೋಕೆ ಮುಂಚೆ ಅವನ್ನ ಬದಲಾಯಿಸೋದೇ ಮೊದಲ ಕೆಲಸ. "ಆಯ್ತು ಸಾರ್, ಮುಟ್ಟಲ್ಲ" ಅಂತ ಉತ್ತರ ಬಂತು.

ಆಮೇಲೆ ಏನಾಯ್ತು ಅಂತ ಅವರ ಬಾಯಿಂದಲೇ ತುಂಡು ತುಂಡಾಗಿ ಹೊರಬಂತು. ಅಡ್ವಾನ್ಸ್ ತಗೊಂಡಿದ್ರೂ ಇನ್ನೊಬ್ಬ ಗಿರಾಕಿ ಜಾಸ್ತಿ ಕೊಡ್ತೀನಿ ಅಂದಿದ್ದಕ್ಕೆ ಅವನಿಗೆ ವಿಡಿಯೋ ಕಾಲಲ್ಲಿ ತೋರ್ಸೋಕೆ ಅಂತ ಆನ್ ಮಾಡಿದ್ದಾರೆ, ಹೊಗೆ ಬಂದಿದೆ, ಅವನು ಓಡಿಹೋಗಿದ್ದಾನೆ. ಇವರು ಗಾಬರಿಯಾಗಿ ಪರಿಚಯದ ಯುಪಿಎಸ್ ರಿಪೇರಿ ಅಂಗಡಿಗೆ ಪೂರ್ತಿ ಮೆಷಿನ್ ಎತ್ಕೊಂಡು ಹೋಗಿ ಕೊಟ್ಟಿದ್ದಾರೆ. ನನಗೆ ಫೋನ್ ಬಂದಿದ್ದು ಅದೆಲ್ಲ ಮುಗಿದ್ಮೇಲೆ: "ಸಾರ್ ಗುಡ್ ನ್ಯೂಸ್, ಫುಲ್ ಸರ್ವೀಸ್ ಮಾಡ್ಸಿದ್ದೀನಿ, ಎಲ್ಲ ಐಸಿ ಬಿಚ್ಚಿ ಕ್ಲೀನ್ ಮಾಡ್ಸಿದ್ದೀನಿ, ಹೊಸದರ ತರ ಆಗಿದೆ, ಎಕ್ಸ್‌ಟ್ರಾ ಏನೂ ಬೇಡ." ಎಲ್ಲ ಐಸಿ, ಅಂದ್ರೆ ಚಿಪ್ಪು, ಬಿಚ್ಚಿ ಅಂದಾಗಲೇ ನನ್ನ ಹೊಟ್ಟೆಯಲ್ಲಿ ಕಲೆಸಿದ ಹಾಗಾಯ್ತು.

ಬಾಕ್ಸ್ ಬಂದ್ಮೇಲೆ ಪ್ಲಗ್ ಹಾಕ್ದೆ ಬಿಚ್ಚಿದೆ, ಬಿಚ್ಚೋದನ್ನ ಪೂರ್ತಿ ವಿಡಿಯೋ ಮಾಡ್ಕೊಂಡೆ (ನೀವೂ ಮಾಡಿ, ಆಮೇಲೆ ಇದೇ ಕೆಲಸಕ್ಕೆ ಬಂದಿದ್ದು). ಪವರ್ ಸಪ್ಲೈ ಡಬ್ಬಿ ಮುಚ್ಚಳದ ಒಳಗಡೆ ಕಂದು ಬಣ್ಣದ ಜಿಡ್ಡು. ರೀಫಾ ಇದ್ದ ಜಾಗದಲ್ಲಿ ಒಂದು ನೀಲಿ ಡಿಸ್ಕ್ ಕೆಪಾಸಿಟರ್, ಮೇನ್ಸ್‌ಗೆ ಹಾಕೋ ಜಾತಿದೇ ಅಲ್ಲ. ಆ ಜಾಗಕ್ಕೆ ಎಕ್ಸ್2 ಅಂತ ಬರೆದಿರೋದು, 275 ವೋಲ್ಟ್ ಏಸಿದು ಹಾಕ್ಬೇಕು, ಅದು ಕೆಟ್ರೂ ಬೆಂಕಿ ಹತ್ತದೇ ಇರೋ ಹಾಗೆ ಮಾಡಿರ್ತಾರೆ, ಬೆಂಗಳೂರಿನ ಎಸ್‌ಪಿ ರೋಡಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತೆ, ದುಡ್ಡುಳಿಸೋ ಜಾಗ ಅದಲ್ಲ. ಅದರ ಪಕ್ಕ ಇನ್ನೊಂದು ಚಿಕ್ಕ ರೀಫಾ ಇತ್ತು, ಬಿರುಕು ಬಿಟ್ಟಿದ್ದನ್ನ ಹಾಗೇ ಬಿಟ್ಟಿದ್ದಾರೆ. ಇನ್ನು ಫ್ಯೂಸ್, ನಗಬೇಕೋ ಅಳಬೇಕೋ, ಗಾಜಿನ ಫ್ಯೂಸ್ ಮೇಲೆ ತಾಮ್ರದ ತಂತಿ ಎಳೆ ಸುತ್ತಿದ್ದಾರೆ. ಮನೆ ಮೀಟರ್ ಬೋರ್ಡಲ್ಲಿ ಹಿಂದೆ ಮಾಡ್ತಿದ್ರಲ್ಲ, ಅದೇ ವಿದ್ಯೆ. ನಾನು ಇದನ್ನ ಸೀದಾ ಆನ್ ಮಾಡಿದ್ರೆ, ಮತ್ತೆ ಶಾರ್ಟ್ ಆಗಿದ್ರೆ, ತಡೆಯೋಕೆ ಫ್ಯೂಸೂ ಇರ್ಲಿಲ್ಲ, ಮನೆಯಲ್ಲಿ ಮಗು ಓಡಾಡ್ತಿತ್ತು.

ಇಷ್ಟು ಆಗಿದ್ರೆ ಬೈದುಕೊಂಡು ಸುಮ್ಮನಾಗ್ತಿದ್ದೆ, ಪವರ್ ಸಪ್ಲೈ ಸರಿ ಮಾಡೋದು ಒಂದು ಸಂಜೆಯ ಕೆಲಸ. ಬೋರ್ಡ್ ನೋಡಿದೆ. ಪಳಪಳ ಅಂತಿದೆ, ಥಿನ್ನರ್ ವಾಸನೆ. ಸ್ಟಿಕ್ಕರ್ ಇಲ್ಲ. ಕ್ಲೀನ್ ಮಾಡೋವಾಗ "ಗಲೀಜು" ಅಂತ ಕಿತ್ತು ಎಸೆದಿದ್ದಾರೆ. ಈಪ್ರಾಮ್ ಕಿಟಕಿ ಮೇಲೆ ಸ್ಟಿಕ್ಕರ್ ಇರೋದೇ ಬೆಳಕು ಬೀಳದಿರಲಿ ಅಂತ, ಅಲ್ಟ್ರಾವಯಲೆಟ್ ಬಿದ್ರೆ ಒಳಗಿರೋದು ಅಳಿಸಿಹೋಗುತ್ತೆ, ನೇರ ಬಿಸಿಲಿಗೆ ಒಂದು ವಾರ ಸಾಕು. ಅದೂ ಪರವಾಗಿಲ್ಲ, ಇನ್ನೂ ಅಳಿಸಿರಲ್ಲ, ಈಗಲೇ ಓದ್ಕೊಂಡುಬಿಡೋಣ ಅಂತ ಬಗ್ಗಿ ನೋಡಿದ್ರೆ ಚಿಪ್‌ನ ಒಂದು ತುದಿಯಲ್ಲಿ ಯಾವ ಕಡೆ ತಿರುಗಿಸಿ ಕೂರಿಸ್ಬೇಕು ಅಂತ ತೋರ್ಸೋ ಕಚ್ಚು ಇರುತ್ತಲ್ಲ, ಪಕ್ಕದ ಚಿಪ್ಪುಗಳದೆಲ್ಲ ಒಂದು ಕಡೆ, ಇದರದ್ದು ಮಾತ್ರ ಉಲ್ಟಾ.

28 ಪಿನ್ನಿನ ಈಪ್ರಾಮ್‌ನಲ್ಲಿ 14ನೇ ಪಿನ್ ಗ್ರೌಂಡ್, 28ನೇದು 5 ವೋಲ್ಟ್. ತಿರುಗಿಸಿ ಹಾಕಿದ್ರೆ ಅವೆರಡೂ ಕರೆಕ್ಟಾಗಿ ಅದಲು ಬದಲು, ಗ್ರೌಂಡ್ ಇರ್ಬೇಕಾದ ಕಡೆ 5 ವೋಲ್ಟ್, 5 ವೋಲ್ಟ್ ಇರ್ಬೇಕಾದ ಕಡೆ ಗ್ರೌಂಡ್. ಹಾಗೆ ಆನ್ ಮಾಡಿದ್ರೆ ಚಿಪ್ ಕೈ ಇಡೋಕಾಗದಷ್ಟು ಕಾಯುತ್ತೆ. ಭೂತಗನ್ನಡಿ ಹಿಡಿದು ಕಿಟಕಿಯಲ್ಲಿ ನೋಡಿದೆ. ಮಧ್ಯ ಚಿಕ್ಕ ಸಿಲಿಕಾನ್ ಚೌಕ, ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಂತಿಗಳು ಪಿನ್ನಿನ ಕಡೆ ಹೋಗಿರ್ತವೆ, ಅದರಲ್ಲಿ ಒಂದು ಮೂಲೆಯದ್ದು ಅರ್ಧಕ್ಕೆ ಕರಗಿ ತುದಿಯಲ್ಲಿ ಪುಟ್ಟ ಗುಂಡು ಆಗಿತ್ತು. ಪ್ರೋಗ್ರಾಮರ್‌ಗೆ (ಚಿಪ್ ಓದೋ, ಬರೆಯೋ ಯಂತ್ರ) ಹಾಕಿದ್ರೆ ಬರೀ ಎಫ್‌ಎಫ್ ಎಫ್‌ಎಫ್, ಅಂದ್ರೆ ಖಾಲಿ, ಅಂದ್ರೆ ಚಿಪ್ ಮಾತಾಡ್ತಾನೇ ಇಲ್ಲ. 16 ಕೆಬಿ ಅಷ್ಟೇ ಅದು. ಈಗಿನ ಒಂದು ವಾಟ್ಸಾಪ್ ಸ್ಟಿಕ್ಕರ್‌ಗಿಂತ ಚಿಕ್ಕದು. ಮೊದಲಿದ್ದ ಫೋಟೋ ಎಷ್ಟು ದೊಡ್ಡದು ಮಾಡಿದ್ರೂ ಕೈಬರಹ ಓದೋಕಾಗಲ್ಲ, ಕೊನೇ ಅಕ್ಷರ ಮಾತ್ರ ಗೊತ್ತಾಗುತ್ತೆ.

ಮೆಷಿನ್ ಈಗ ಓಡ್ತಿದೆ, ಅದನ್ನೂ ಹೇಳ್ಬೇಕು. ಕೆಪಾಸಿಟರ್ ಎಲ್ಲ ಬದಲಾಯಿಸಿ, ಸರಿಯಾದ ಫ್ಯೂಸ್ ಹಾಕಿ, ಬೋರ್ಡಿಂದ ಪವರ್ ಸಪ್ಲೈ ಪೂರ್ತಿ ಬೇರೆ ಮಾಡಿ, ಶಾರ್ಟ್ ಇದ್ರೆ ಕರೆಂಟ್ ತಡೆಯೋಕೆ ಸೀರೀಸ್ ಬಲ್ಬ್ ಇಟ್ಟು, ಔಟ್‌ಪುಟ್‌ಗೆ ಒಂದು ರೆಸಿಸ್ಟರ್ ಲೋಡ್ ಕೊಟ್ಟು 5 ವೋಲ್ಟ್ ಸರಿಯಾಗಿ ಬರ್ತಿದೆಯಾ ಅಂತ ಅಳೆದು ಆಮೇಲೇ ಬೋರ್ಡಿಗೆ ಸಿಗಿಸಿದೆ. ಇದನ್ನ ಮಾಡೋರು ಹುಷಾರು, ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಲ್ಲಿ 320 ವೋಲ್ಟ್ ಹತ್ತಿರ ಡಿಸಿ ಉಳಿದಿರುತ್ತೆ, ಮೀಟರ್ ಇಟ್ಟು ಖಾಲಿಯಾಗಿದೆ ಅಂತ ನೋಡದೆ ಬೆರಳು ಹಾಕ್ಬೇಡಿ, ಗೊತ್ತಿಲ್ಲ ಅಂದ್ರೆ ಗೊತ್ತಿರೋರಿಂದ ಮಾಡ್ಸಿ. ಬೇಸಿಕ್ಕೂ ಡಿಸ್ಕ್ ಸಾಫ್ಟ್‌ವೇರೂ ನೆಟ್ಟಲ್ಲಿ ಸಿಗುತ್ತೆ, ಹೊಸ ಚಿಪ್ಪಿಗೆ ಬರೆದು ಹಾಕ್ಬೋದು. 6502 ಜಾತಿಯ ಪ್ರೊಸೆಸರ್ ಇವತ್ತಿಗೂ ಹೊಸದಾಗಿ ತಯಾರಾಗುತ್ತೆ. ಅದಕ್ಕೇ ಹೇಳೋದು, ಈ ಮೆಷಿನ್ನುಗಳಲ್ಲಿ ಹಾರ್ಡ್‌ವೇರ್ ಹೋದ್ರೆ ಏನೋ ಒಂದು ದಾರಿ ಇರುತ್ತೆ, ಕೈಬರಹದ ಸ್ಟಿಕ್ಕರ್ ಇರೋ ಈಪ್ರಾಮ್ ಹೋದ್ರೆ ಹೋಯ್ತು.

ಹಾಗಾಗಿ ಮಾರೋರ ಹತ್ರ ಮಾತಾಡೋವಾಗ ಆನ್ ಆಗಿರೋ ವಿಡಿಯೋ ಕೇಳ್ಬೇಡಿ. ನೀವು ಕೇಳಿದ್ರೆ ಅವರು ಆನ್ ಮಾಡ್ತಾರೆ, ಪ್ರತಿ ಗಿರಾಕಿಗೂ ಒಂದೊಂದ್ಸಲ ಮಾಡ್ತಾರೆ, ಯಾವುದೋ ಒಂದು ಸಲ ಅದೇ ಕೊನೆ. ಕೇಳ್ಬೇಕಾಗಿರೋದು ಬೋರ್ಡ್‌ನ ಫೋಟೋ, ಪ್ರತಿ ರಾಮ್ ಚಿಪ್‌ನ ಹತ್ತಿರದ ಫೋಟೋ, ಕಚ್ಚು ಯಾವ ಕಡೆ ಇದೆ ಅಂತ ಕಾಣೋ ಹಾಗೆ. ಸ್ಟಿಕ್ಕರ್ ಓದೋಕೆ ಬರೋ ಹಾಗೆ ಫೋಟೋ ಸಿಗೋ ತನಕ ದುಡ್ಡು ಕಳಿಸ್ಬೇಡಿ. ಅರ್ಧ ಬಾಕಿ ಇಟ್ಕೊಳ್ಳಿ. ಮತ್ತೆ ಮೆಷಿನ್ ಕೈಗೆ ಬಂದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಮುಂಚೆ, ಈಪ್ರಾಮ್‌ಗಳನ್ನ ನಿಧಾನಕ್ಕೆ ಎರಡೂ ತುದಿಯಿಂದ ಎತ್ತಿ ಪ್ರೋಗ್ರಾಮರ್‌ನಲ್ಲಿ ಓದಿ ಎರಡು ಕಡೆ ಸೇವ್ ಮಾಡಿ. ಐದಾರು ಸಾವಿರದ ಯುಎಸ್‌ಬಿ ಪ್ರೋಗ್ರಾಮರ್ ಸಾಕು, ಇಲ್ಲದಿದ್ರೆ ಎಲೆಕ್ಟ್ರಾನಿಕ್ಸ್ ಓದೋ ಯಾವುದಾದ್ರೂ ಹುಡುಗರ ಲ್ಯಾಬಲ್ಲಿ ಸಿಗುತ್ತೆ.

ಬಿಬಿಸಿ ಅಂತಲ್ಲ, ನಮ್ಮಲ್ಲಿ ಜಾಸ್ತಿ ಸಿಗೋ 386, 486 ಬೋರ್ಡ್ ತಗೊಳ್ಳೋರಿಗೂ ಇದೇ ಕತೆ. ಅದರಲ್ಲಿ ಕೀಬೋರ್ಡ್ ಕನೆಕ್ಟರ್ ಹತ್ರ ನೀಲಿನೋ ಹಸಿರೋ ಪೀಪಾಯಿ ಆಕಾರದ 3.6 ವೋಲ್ಟ್ ಬ್ಯಾಟರಿ ಬೆಸುಗೆ ಹಾಕಿರ್ತಾರೆ, ಅದು ಸೋರಿ ಸುತ್ತಲಿನ ತಾಮ್ರದ ಗೆರೆಗಳನ್ನ ತಿಂತಾ ಇರುತ್ತೆ. ಮಾರೋರು ಅದನ್ನ ಬ್ರಶ್ಶಲ್ಲಿ ಉಜ್ಜಿ ಹೊಳೆಯೋ ಹಾಗೆ ಮಾಡಿ ಕಳಿಸ್ತಾರೆ, ಉಜ್ಜೋವಾಗ ಅರ್ಧ ತಿಂದಿರೋ ಗೆರೆ ಪೂರ್ತಿ ಕಿತ್ತು ಬಂದಿರುತ್ತೆ. ಹಸಿರು ಕಲೆ ಹಾಗೇ ಇದ್ರೇ ಒಳ್ಳೇದು, ಮನೆಗೆ ತಂದು ಬ್ಯಾಟರಿ ಕತ್ತರಿಸಿ ವಿನೆಗರ್ ಹಾಕಿ ನಾವೇ ನಿಧಾನಕ್ಕೆ ತೆಗೀಬೋದು.

ದುಡ್ಡಿನ ವಿಷಯ ಕೇಳ್ತೀರ ಅಂತ ಗೊತ್ತು. ವಿಡಿಯೋ ಕಳಿಸಿದೆ, "ಮುಟ್ಟಲ್ಲ" ಅಂದಿದ್ದ ಮೆಸೇಜ್ ಕಳಿಸಿದೆ. ಮೊದಲು "ಹಳೇ ಮಾಲು ಸಾರ್, ಗ್ಯಾರಂಟಿ ಎಲ್ಲಿಂದ ಕೊಡೋದು" ಅಂದ್ರು, ಆಮೇಲೆ ಆ ರಿಪೇರಿಯವನ ಮೇಲೆ ಹಾಕಿದ್ರು, ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡ್ತೀನಿ ಅಂದ್ಮೇಲೆ ಬಾಕಿ ಕೇಳಲ್ಲ ಬಿಡಿ ಅಂದ್ರು. ಸ್ಟಿಕ್ಕರ್ ಎಲ್ಲಿ ಎಸೆದ್ರಿ, ಕಸದ ಬುಟ್ಟಿಯಲ್ಲಾದ್ರೂ ಇದೆಯಾ ನೋಡಿ ಅಂತ ಕೇಳಿದ್ದಕ್ಕೆ ಅದ್ಯಾಕೆ ಸಾರ್ ನಿಮಗೆ ಅಂದ್ರು.

ನಿನ್ನೆ ಅವರೇ ಇನ್ನೊಂದು ಬಿಬಿಸಿ ಮೈಕ್ರೋ ಮಾರಾಟಕ್ಕೆ ಹಾಕಿದ್ದಾರೆ. "ಫುಲ್ಲಿ ಸರ್ವೀಸ್ಡ್" ಅಂತ ಬರೆದು ಈ ಸಲ ಇಪ್ಪತ್ತೆರಡು ಸಾವಿರ. ಫೋಟೋದಲ್ಲಿ ಮುಚ್ಚಳ ಹಾಕಿದೆ, ತೆಗೆದು ತೋರ್ಸಿ ಅಂತ ಮೊದಲು ಕೇಳಿ.